ಎರಡು ಸೆಂಟಿಮೀಟರ್‌ನ ಚಿನ್ನ

ಜರ್ಮನಿಯ ಜಾವೆಲಿನ್ ಪಟು ಕ್ಲಾಸ್ ವೋಲ್ಫರ್‌ಮನ್ 2024ರ ಡಿಸೆಂಬರ್‌ನಲ್ಲಿ ತಮ್ಮ 78ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರಿಗೆ ಸಿಕ್ಕಿದ್ದ ಜನಪ್ರೀತಿಯನ್ನು ಪದಕದ ಲೆಕ್ಕದಲ್ಲಷ್ಟೇ ಅಳೆಯುವುದು ಸರಿಯಲ್ಲ.

1972ರ ಸೆಪ್ಟೆಂಬರ್ 3, ಭಾನುವಾರ. ಮ್ಯೂನಿಕ್ ಒಲಿಂಪಿಕ್ಸ್‌ನ ಐದನೇ ಸುತ್ತಿನಲ್ಲಿ ಅವರ ಈಟಿ 90.48 ಮೀಟರ್ ದೂರ ಹೋಗಿ ನೆಲಕ್ಕೆ ತಾಗಿತು. ಎದುರಾಳಿ ಸೋವಿಯತ್ ಒಕ್ಕೂಟದ ಯಾನಿಸ್ ಲೂಸಿಸ್, ಹಾಲಿ ಒಲಿಂಪಿಕ್ ಚಾಂಪಿಯನ್, ವಿಶ್ವದಾಖಲೆಯ ಒಡೆಯ. ಲೂಸಿಸ್ ಕೊನೆಯ ಎಸೆತಕ್ಕೆ ಓಡಿ ಬಂದರು, ಅಳತೆ 90.46! ಆಗ ಜಾವೆಲಿನ್‌ನಲ್ಲಿ ಎರಡು ಸೆಂಟಿಮೀಟರ್‌ಗಿಂತ ಕಡಿಮೆ ಅಂತರವನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಗೆಲುವೊಂದು ಇದಕ್ಕಿಂತ ಕಿರಿದಾಗಲು ಸಾಧ್ಯವೇ ಇರಲಿಲ್ಲ.

ಅದೇ ದಿನ ಹಿಲ್ಡೆಗಾರ್ಡ್ ಫಾಲ್ಕ್ 800 ಮೀಟರ್ ಓಟದಲ್ಲಿ, ಬರ್ನ್ಡ್ ಕಾನೆನ್‌ಬರ್ಗ್ 50 ಕಿ.ಮೀ. ನಡಿಗೆಯಲ್ಲಿ ಚಿನ್ನ ಗೆದ್ದರು. ಪಶ್ಚಿಮ ಜರ್ಮನಿ ಹಿಗ್ಗಿತು. ಎರಡೇ ದಿನಗಳಲ್ಲಿ ಇಸ್ರೇಲ್ ತಂಡದ ಮೇಲೆ ನಡೆದ ಭಯೋತ್ಪಾದಕ ದಾಳಿ ಆ ಕ್ರೀಡಾಕೂಟವನ್ನೇ ಶೋಕದಲ್ಲಿ ಮುಳುಗಿಸಿತು. ಹಾಗಿದ್ದೂ ಜನ ಆ ಭಾನುವಾರವನ್ನು ಮರೆಯಲಿಲ್ಲ. ವೋಲ್ಫರ್‌ಮನ್ 1972 ಮತ್ತು 1973, ಎರಡೂ ವರ್ಷ ಅಲ್ಲಿನ ‘ವರ್ಷದ ಕ್ರೀಡಾಪಟು’ ಆದರು. ಎಸೆತಗಾರನೊಬ್ಬನಿಗೆ, ಅದೂ ಫುಟ್‌ಬಾಲ್ ಎಂದರೆ ಪ್ರಾಣ ಬಿಡುವ ನಾಡಿನಲ್ಲಿ, ಇದು ಸಣ್ಣ ಮಾತಲ್ಲ.

ನಮಗೆ ಹೆಚ್ಚು ಹಿಡಿಸುವುದು ಆಮೇಲಿನ ಕತೆ. 1973ರ ಮೇ ತಿಂಗಳಲ್ಲಿ ಲೆವರ್‌ಕುಸೆನ್‌ನಲ್ಲಿ 94.08 ಮೀಟರ್ ಎಸೆದು ಅವರು ಲೂಸಿಸ್ ಅವರ ವಿಶ್ವದಾಖಲೆಯನ್ನೂ ಕಸಿದುಕೊಂಡರು. ಶೀತಲ ಸಮರದ ಆ ಬಿಗಿ ದಿನಗಳಲ್ಲೂ ಇಬ್ಬರ ನಡುವೆ ಬೆಳೆದ ಗೆಳೆತನಕ್ಕೆ ಅದರಿಂದ ಕಿಂಚಿತ್ತೂ ಧಕ್ಕೆಯಾಗಲಿಲ್ಲ.