ಮಾರಿಯು ಹೋದ ಮೇಲೆ ಲೆಕ್ಕ ತೀರಿಸುವವರು ಯಾರು?

ಸಾಂಕ್ರಾಮಿಕ ರೋಗವು ಊರನ್ನು ಬಿಟ್ಟು ಹೋದರೂ ಅದು ಮಾಡಿಟ್ಟ ಸಾಲವು ಅಷ್ಟು ಬೇಗನೆ ಬಿಟ್ಟು ಹೋಗುವುದಿಲ್ಲ. ೨೦೨೦ ಮತ್ತು ೨೦೨೧ನೆಯ ಇಸವಿಗಳಲ್ಲಿ ಕೊರೋನಾ ಮಾರಿಯು ನಾಡನ್ನು ಬಾಧಿಸಿದಾಗ, ಸತ್ತವರೆಷ್ಟು, ಉಳಿದವರೆಷ್ಟು ಎಂಬ ಗಣನೆಯು ದಿನದಿನವೂ ಪ್ರಕಟವಾಗುತ್ತಿದ್ದಿತು. ಆದರೆ ಚಿಕಿತ್ಸೆಯ ವೆಚ್ಚವನ್ನು ತೆತ್ತವರು ಯಾರು, ಆಸ್ಪತ್ರೆಗಳ ಗತಿಯೇನಾಯಿತು, ವಿಮಾ ಕಂಪೆನಿಗಳು ತಮ್ಮ ನಷ್ಟವನ್ನು ಯಾರ ತಲೆಯ ಮೇಲೆ ಹೊರಿಸಿದವು ಎಂಬ ವಿಚಾರವನ್ನು ಪ್ರಜೆಗಳ ಮುಂದಿಟ್ಟವರು ವಿರಳ. ತುಮಕೂರು, ಗುಬ್ಬಿ, ಕುಣಿಗಲುಗಳ ವಾಚಕರ ಮುಂದೆ ಅದನ್ನಿಡುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಮಾರಿಯ ಕಾಲವು ಖಾಸಗಿ ಆಸ್ಪತ್ರೆಗಳಿಗೆ ಸುಗ್ಗಿಯ ಕಾಲವೆಂದು ಜನರು ಆಡಿಕೊಳ್ಳುವುದುಂಟು. ಈ ಮಾತು ಅರ್ಧ ಮಾತ್ರ ದಿಟ. ೨೦೨೦ರ ಮಾರ್ಚ್ ೨೫ರಿಂದ ದೇಶವೆಲ್ಲ ಬಾಗಿಲು ಮುಚ್ಚಿದಾಗ ಬಸ್ಸು ರೈಲುಗಳು ನಿಂತವು. ಮುಂದೂಡಬಹುದಾದ ಶಸ್ತ್ರಚಿಕಿತ್ಸೆಗಳೂ ನಿಂತವು. ಹೊರರೋಗಿಗಳು ಬರುವುದು ತಪ್ಪಿತು. ಆದರೆ ವೈದ್ಯರ ಮತ್ತು ದಾದಿಯರ ಸಂಬಳವಾಗಲಿ, ಕಟ್ಟಡದ ಸಾಲದ ಬಡ್ಡಿಯಾಗಲಿ ನಿಲ್ಲಲಿಲ್ಲ. ವರ್ಷ ಕಳೆದು ೨೦೨೧ರ ಏಪ್ರಿಲ್, ಮೇ ತಿಂಗಳುಗಳು ಬಂದಾಗ ಹಾಸಿಗೆಗಾಗಿ ಜನರು ಊರಿಂದೂರಿಗೆ ಅಲೆಯಬೇಕಾಯಿತು. ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಅಭಾವದ ನಡುವೆ ೨೪ ಮಂದಿ ಮೃತರಾದ ದುರಂತವನ್ನು ನಾಡು ಮರೆತಿರಲಾರದು. ಒಮ್ಮೆ ಬರಿದು, ಒಮ್ಮೆ ಪ್ರವಾಹ; ಎರಡಕ್ಕೂ ಸಿದ್ಧತೆಯಿರಲಿಲ್ಲ.

೨೦೨೦ರ ಜೂನ್ ತಿಂಗಳಲ್ಲಿ ಸರ್ಕಾರದವರು ದರವನ್ನು ಗೊತ್ತುಮಾಡಿದರು. ಸರ್ಕಾರವೇ ಕಳುಹಿಸಿದ ರೋಗಿಗೆ ಸಾಮಾನ್ಯ ವಾರ್ಡಿನಲ್ಲಿ ದಿನವೊಂದಕ್ಕೆ ೫,೨೦೦ ರೂಪಾಯಿ, ವೆಂಟಿಲೇಟರ್ ಸಹಿತವಾದ ತೀವ್ರ ನಿಗಾ ಘಟಕದಲ್ಲಿ ೧೦,೦೦೦ ರೂಪಾಯಿ. ತಾನಾಗಿ ಬಂದು ಕೈಯಿಂದ ಹಣ ಕೊಡುವವನಿಗೆ ಕ್ರಮವಾಗಿ ೧೦,೦೦೦ ಮತ್ತು ೨೫,೦೦೦ ರೂಪಾಯಿ. ದರಕ್ಕೆ ಕಟ್ಟು ಹಾಕಿದುದು ಯುಕ್ತವೇ ಸರಿ. ಆದರೆ ರೋಗವೊಂದೇ, ಔಷಧವೊಂದೇ, ಬೆಲೆ ಮಾತ್ರ ಎರಡು! ಸರ್ಕಾರದ ಚೀಟಿ ದೊರೆಯದ ಗುಬ್ಬಿಯ ತೆಂಗಿನ ತೋಟದವನು ಹತ್ತು ದಿನ ಆ ಯಂತ್ರದ ಆಸರೆಯಲ್ಲಿದ್ದರೆ ಎರಡೂವರೆ ಲಕ್ಷ ರೂಪಾಯಿ ತೆರಬೇಕು. ಸರ್ಕಾರದ ಹಣವು ತಡವಾಗಿ ಬರುವುದೆಂದು ಆಸ್ಪತ್ರೆಗಳವರು ದೂರಿದರು; ಆ ತಡದ ಭಾರವು ಕೊನೆಗೆ ರೊಕ್ಕ ಕೊಡುವ ರೋಗಿಯ ಕಡೆಗೇ ಜಾರುವುದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ವಿಮೆಯ ಮಾತು. ನೂರು ಮನೆಯವರು ಕಂತು ಕೂಡಿಸಿ, ಬೆಂಕಿ ಬಿದ್ದ ಒಂದು ಮನೆಯನ್ನು ಎತ್ತಿ ನಿಲ್ಲಿಸುವುದೇ ವಿಮೆಯ ತತ್ತ್ವ. ನೂರು ಮನೆಗೂ ಒಂದೇ ರಾತ್ರಿ ಬೆಂಕಿ ಬಿದ್ದರೆ ಈ ತತ್ತ್ವವು ನಡೆಯುವುದೆಂತು? ೨೦೨೦ರ ಜುಲೈನಲ್ಲಿ ‘ಕೊರೋನಾ ಕವಚ’ವೆಂಬ ಅಲ್ಪಾವಧಿಯ ಪಾಲಿಸಿಯನ್ನು ಹೊರಡಿಸಲಾಯಿತು. ೨೦೨೧–೨೨ರಲ್ಲಿ ಆರೋಗ್ಯವಿಮೆಯ ಕಂತಿನಿಂದ ಬಂದ ಪ್ರತಿ ೧೦೦ ರೂಪಾಯಿಗೆ ಪರಿಹಾರವಾಗಿ ಹೋದುದು ಸುಮಾರು ೧೦೯ ರೂಪಾಯಿ. ಸ್ಟಾರ್ ಹೆಲ್ತ್ ಕಂಪೆನಿಯೊಂದೇ ಆ ವರ್ಷ ಸಾವಿರ ಕೋಟಿ ರೂಪಾಯಿಗೂ ಮೀರಿದ ನಷ್ಟವನ್ನು ತೋರಿಸಿತು. ತರುವಾಯ ನಡೆದುದೇನು? ಕಂತುಗಳು ಏರಿದವು. ೬೦ ವರ್ಷ ದಾಟಿದವರ ಕಂತನ್ನು ತನ್ನೊಡನೆ ಸಮಾಲೋಚಿಸದೆ ವರ್ಷಕ್ಕೆ ನೂರಕ್ಕೆ ಹತ್ತಕ್ಕಿಂತ ಹೆಚ್ಚಿಸಬಾರದೆಂದು ವಿಮಾ ನಿಯಂತ್ರಣ ಪ್ರಾಧಿಕಾರವು ೨೦೨೫ರ ಜನವರಿಯಲ್ಲಿ ಆಜ್ಞಾಪಿಸಬೇಕಾಗಿ ಬಂದಿತು. ಅದೇ ವರ್ಷದ ಸೆಪ್ಟೆಂಬರ್ ೨೨ರಿಂದ ವೈಯಕ್ತಿಕ ಪಾಲಿಸಿಗಳ ಮೇಲಿನ ನೂರಕ್ಕೆ ಹದಿನೆಂಟರ ತೆರಿಗೆಯು ತೊಲಗಿದುದು ಸಂತೋಷವೇ. ಆದರೆ ತೆರಿಗೆ ಹೋದ ಮಾತ್ರಕ್ಕೆ ಮುಂದಿನ ಮಾರಿಗೆಂದು ಹಣ ಕೂಡಿಟ್ಟಂತಾಗಲಿಲ್ಲ.

ನಮ್ಮ ನಾಡಿಗೆ ಇದಕ್ಕೊಂದು ಸ್ವಂತ ಮಾರ್ಗವಿದ್ದಿತು. ೨೦೦೩ರಲ್ಲಿ ನಡೆಗೆ ಬಂದ ಯಶಸ್ವಿನಿಯು, ಸಹಕಾರಿ ರೈತನು ತಿಂಗಳಿಗೆ ೫ ರೂಪಾಯಿ ಕೊಟ್ಟು ಶಸ್ತ್ರಚಿಕಿತ್ಸೆ ಪಡೆಯಬಹುದೆಂದು ಲೋಕಕ್ಕೆ ತೋರಿಸಿತು. ೨೦೧೮ರಲ್ಲಿ ಅದನ್ನು ಆರೋಗ್ಯ ಕರ್ನಾಟಕದಲ್ಲಿ ಲೀನಗೊಳಿಸಲಾಯಿತು. ಮಾರಿಯು ಬಂದಾಗ ಅದು ಇರಲಿಲ್ಲ. ೨೦೨೩ರ ಜನವರಿ ೧ರಿಂದ ಮತ್ತೆ ಜೀವ ತಳೆದಾಗ ಗ್ರಾಮೀಣ ನಾಲ್ವರ ಕುಟುಂಬಕ್ಕೆ ೫೦೦ ರೂಪಾಯಿಯ ವಂತಿಗೆಯಾಯಿತು. ಆದರೆ ಮೊದಲಿನಿಂದಲೂ ಅದರ ಕಣ್ಣು ಶಸ್ತ್ರಚಿಕಿತ್ಸೆಯ ಮೇಲೆ. ಶ್ವಾಸಕೋಶವನ್ನು ಹಿಡಿಯುವ ಜ್ವರಕ್ಕೆ ಕತ್ತಿಯಿಂದೇನು ಪ್ರಯೋಜನ? ಬಡತನದ ರೇಖೆಯ ಕೆಳಗಿನವರಿಗೆ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ೫ ಲಕ್ಷ ರೂಪಾಯಿಯವರೆಗೆ ರಕ್ಷಣೆಯುಂಟು. ಅದಕ್ಕಿಂತ ಒಂದು ಮೆಟ್ಟಲು ಮೇಲಿರುವ ಅಂಗಡಿಯ ಗುಮಾಸ್ತನಿಗೂ ಸಣ್ಣ ಹಿಡುವಳಿದಾರನಿಗೂ ಸಾಧಾರಣ ಕಾಲದಲ್ಲಿ ದೊರೆಯಬೇಕಾದುದು ವೆಚ್ಚದ ನೂರಕ್ಕೆ ಮೂವತ್ತು ಪಾಲು ಎಂದು ಯೋಜನೆಯು ವಿಧಿಸಿತು. ಮಧ್ಯದಲ್ಲಿ ಸಿಕ್ಕಿಕೊಂಡವನು ಈತನೇ.

ಹಾಗಾದರೆ ಮಾಡತಕ್ಕದ್ದೇನು? ಕುಣಿಗಲಿನ ದೊಡ್ಡ ಕೆರೆಯ ಏರಿಯನ್ನು ಮಳೆ ಸುರಿಯುವಾಗ ಕಟ್ಟುವವರಿಲ್ಲ, ಬೇಸಗೆಯಲ್ಲಿಯೇ ಭದ್ರಪಡಿಸಬೇಕು. ಮೊದಲನೆಯದಾಗಿ, ಸರ್ಕಾರವೂ ವಿಮಾ ಕಂಪೆನಿಗಳೂ ಒಳ್ಳೆಯ ವರ್ಷಗಳಲ್ಲಿ ಒಂದು ಪಾಲನ್ನು ಸಾಂಕ್ರಾಮಿಕ ನಿಧಿಯಾಗಿ ಕೂಡಿಡುವಂತೆ ಶಾಸನವಾಗಬೇಕು. ಎರಡನೆಯದಾಗಿ, ಆಸ್ಪತ್ರೆಗಳ ಬಾಕಿಯನ್ನು ಗೊತ್ತಾದ ಅವಧಿಯೊಳಗೆ ತೀರಿಸದಿದ್ದರೆ ಬಡ್ಡಿ ಸಹಿತ ಕೊಡುವ ನಿಯಮವಿರಬೇಕು. ಮೂರನೆಯದಾಗಿ, ಗುಬ್ಬಿ, ಕುಣಿಗಲುಗಳ ತಾಲ್ಲೂಕು ಆಸ್ಪತ್ರೆಗಳಲ್ಲಿ ಆಮ್ಲಜನಕದ ಹಾಸಿಗೆಗಳೂ ಅವನ್ನು ನಡೆಸಬಲ್ಲ ಸಿಬ್ಬಂದಿಯೂ ರೋಗಿಯಿಲ್ಲದ ದಿನವೂ ಸಿದ್ಧವಿರಬೇಕು. ನಾಲ್ಕನೆಯದಾಗಿ, ಪಾಲಿಸಿಯೂ ಆಸ್ಪತ್ರೆಯ ಬಿಲ್ಲೂ ಕನ್ನಡದಲ್ಲಿರಬೇಕು. ಯಾವುದು ಸಲ್ಲುವುದಿಲ್ಲವೆಂಬುದು ರುಜು ಹಾಕುವ ಮೊದಲೇ ರೈತನಿಗೆ ತಿಳಿಯಬೇಕು.

ಖಾಲಿ ಹಾಸಿಗೆಗೆ ಹಣ ಸುರಿಯುವುದು ದುಂದಲ್ಲವೇ ಎಂದು ಕೆಲವರು ಕೇಳಬಹುದು. ಪ್ರಜೆಗಳು ಆ ಹಣವನ್ನು ಆಗಲೇ ಕೊಟ್ಟಿದ್ದಾರೆಂಬುದೇ ನಮ್ಮ ಉತ್ತರ. ಅಡವಿಟ್ಟ ಒಡವೆಯ, ಮಾರಿದ ಜಮೀನಿನ ರೂಪದಲ್ಲಿ ಕೊಟ್ಟಿದ್ದಾರೆ. ೧೯೧೮ರ ಇನ್‌ಫ್ಲುಯೆಂಜವು ಭರತಖಂಡದಲ್ಲಿ ಕೋಟಿಗೂ ಮೀರಿ ಜನರನ್ನು ಕೊಂಡೊಯ್ದಿತು; ಶತಮಾನ ಕಳೆದು ಕೊರೋನಾ ಬಂದಿತು. ಮುಂದಿನದು ನಮ್ಮ ಅನುಕೂಲವನ್ನು ಕೇಳಿ ಬರುವುದಿಲ್ಲ. ವರ್ಷಕ್ಕೊಮ್ಮೆ ಸೇರುವ ಸಹಕಾರ ಸಂಘಗಳ ಸರ್ವಸದಸ್ಯರ ಸಭೆಗಳಲ್ಲಿ ಈ ನಾಲ್ಕು ಬೇಡಿಕೆಗಳನ್ನು ನಿರ್ಣಯವಾಗಿ ಅಂಗೀಕರಿಸಿ ಶಾಸಕರ ಕೈಗೆ ಕೊಡಬೇಕೆಂದು ಮೂರೂ ತಾಲ್ಲೂಕುಗಳ ಸದಸ್ಯರನ್ನು ಪ್ರಾರ್ಥಿಸುತ್ತೇವೆ. ಕೇಳುವವರಿಲ್ಲದ ಕಡೆ ಕೊಡುವವರೂ ಇರುವುದಿಲ್ಲ.