ಕಣ್ಣಿನ ಪಾಠದಲ್ಲಿ ರಕ್ತನಾಳಕ್ಕೂ ಜಾಗ ಕೊಡಿ

ಹತ್ತನೇ ತರಗತಿಯ ಮಾನವನ ಕಣ್ಣಿನ ಪಾಠಕ್ಕೆ ನಾವು ಪ್ರಶಿಕ್ಷಣಾರ್ಥಿಗಳು ಬರೆಯುವ ಪಾಠಯೋಜನೆಗಳು ಬಹುತೇಕ ಒಂದೇ ಅಚ್ಚಿನವು. ಕಣ್ಣು ಕ್ಯಾಮೆರಾದಂತೆ, ಮಸೂರವಿದೆ, ರೆಟಿನಾ ಎಂಬ ಪರದೆ ಇದೆ. ಚಾರ್ಟ್ ತೂಗುಹಾಕಿ ಭಾಗ ಗುರುತಿಸಿದರೆ ಅವಧಿ ಮುಗಿಯಿತು. ಹೋಲಿಕೆ ತಪ್ಪಲ್ಲ. ಆದರೆ ಕ್ಯಾಮೆರಾಕ್ಕೆ ಊಟ ಬೇಡ, ಕಣ್ಣಿಗೆ ಬೇಕು. ಆ ಊಟ ಹೇಗೆ ಬರುತ್ತದೆ ಎಂಬುದಕ್ಕೆ ಹತ್ತು ನಿಮಿಷವಾದರೂ ಕೊಡಬೇಕೆಂಬುದು ನನ್ನ ಅಭಿಪ್ರಾಯ.

ನವಲಗುಂದ ತಾಲೂಕಿನ ಪ್ರೌಢಶಾಲೆಯೊಂದರಲ್ಲಿ ಬೋಧನಾಭ್ಯಾಸಕ್ಕಿದ್ದಾಗ ಹುಡುಗಿಯೊಬ್ಬಳು ಎದ್ದು ಹೇಳಿದಳು: ‘ಸರ್, ನಮ್ಮ ಆಯಿಗೆ ಸಕ್ಕರಿ ಬ್ಯಾನಿ ಐತ್ರಿ. ಕಣ್ಣ ಮಂಜ ಆಗ್ಯಾವ್ರಿ. ಪೊರಿ ಬಂದೈತಿ, ಹಣ್ಣಾಗ್ಲಿ, ಸುಗ್ಗಿ ಮುಗದ ಮ್ಯಾಲ ತಗಸೂಣು ಅಂತಾರ್ರಿ.’ ಈ ಮಾತಿಗೆ ಕ್ಯಾಮೆರಾದ ಚಾರ್ಟಿನಲ್ಲಿ ಉತ್ತರವಿಲ್ಲ.

ಉತ್ತರ ಮಲಪ್ರಭಾ ಕಾಲುವೆಯಲ್ಲಿದೆ ಎಂದರೆ ಆ ಮಕ್ಕಳಿಗೆ ಬೇಗ ತಿಳಿಯುತ್ತದೆ. ರೆಟಿನಾಕ್ಕೆ ಎರಡು ಕಡೆಯಿಂದ ರಕ್ತ ಬರುತ್ತದೆ. ಹಿಂಬದಿಯ ಕೊರಾಯಿಡ್ ಎಂಬ ಪದರದ ತುಂಬ ರಕ್ತನಾಳಗಳು. ಬೆಳಕನ್ನು ಗ್ರಹಿಸುವ ಕೋಶಗಳಿಗೆ ಅದೇ ಆಧಾರ. ಒಳಪದರಗಳಿಗೆ ದೃಷ್ಟಿನರದ ಜೊತೆ ಒಂದು ಸಣ್ಣ ಅಪಧಮನಿ ಒಳಬಂದು ಕವಲೊಡೆಯುತ್ತದೆ. ಅದು ಕಟ್ಟಿದರೆ, ಕಾಲುವೆಯ ಕೊನೆಯ ಹೊಲದ ಗತಿಯೇ: ಬೇರೆ ನೀರಿಲ್ಲ. ನೋವಿಲ್ಲದೆ, ಒಮ್ಮೆಲೇ ದೃಷ್ಟಿ ಹೋಗುತ್ತದೆ. ಸಕ್ಕರೆ ಕಾಯಿಲೆಯಲ್ಲಿ ಇದು ನಿಧಾನವಾಗಿ ನಡೆಯುತ್ತದೆ. ಸಣ್ಣ ನಾಳಗಳ ಗೋಡೆ ಸಡಿಲಾಗಿ ಸೋರುತ್ತವೆ, ಕೆಲವು ಮುಚ್ಚುತ್ತವೆ. ಹಸಿದ ರೆಟಿನಾ ಹೊಸ ನಾಳಗಳನ್ನು ಬೆಳೆಸಿಕೊಳ್ಳುತ್ತದೆ. ಅವು ಗಟ್ಟಿಯಿಲ್ಲ, ಒಡೆದು ಕಣ್ಣೊಳಗೆ ರಕ್ತ ಸುರಿಸುತ್ತವೆ.

ಮಸೂರದ ಕಥೆಯೇ ಬೇರೆ. ಅದರಲ್ಲಿ ರಕ್ತನಾಳವೇ ಇಲ್ಲ, ಇದ್ದಿದ್ದರೆ ಬೆಳಕು ಸರಾಗವಾಗಿ ದಾಟುತ್ತಿರಲಿಲ್ಲ. ಸುತ್ತಲಿನ ನೀರಿನಂಥ ದ್ರವವೇ ಅದಕ್ಕೆ ಆಹಾರ. ಕಾರ್ನಿಯಾಕ್ಕೂ ಅದೇ, ಆಮ್ಲಜನಕ ಮಾತ್ರ ಹೆಚ್ಚಾಗಿ ಕಣ್ಣೀರಿನ ಮೂಲಕ ಹೊರಗಿನ ಗಾಳಿಯಿಂದ. 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದದ್ದು ಎಲ್ಲ ಮಕ್ಕಳಿಗೂ ಗೊತ್ತು. ಕಸಿ ಮಾಡಿದ್ದು ಇಡೀ ಕಣ್ಣನ್ನಲ್ಲ, ಕಾರ್ನಿಯಾವನ್ನು. ರಕ್ತನಾಳವಿಲ್ಲದ ಕಾರಣ ದೇಹ ಅದನ್ನು ಪರಕೀಯವೆಂದು ತಳ್ಳುವುದು ಕಡಿಮೆ. ಅಪ್ಪು ಹೆಸರು ಬಂದರೆ ಹಿಂದಿನ ಬೆಂಚೂ ಕಿವಿಗೊಡುತ್ತದೆ!

ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿ ಊರೂರಲ್ಲಿ ಶಿಬಿರ ಹಾಕಿ ಪೊರೆ ತೆಗೆದ ಸೀಮೆ ನಮ್ಮದು. ಕಣ್ಣು ಮಂಜಾದರೆ ಪೊರೆ ಎಂದೇ ಜನ ತಿಳಿಯುವುದು ಸಹಜ. ಪೊರೆ ಬರುವುದು ಮಸೂರಕ್ಕೆ. ಸುಗ್ಗಿ ಮುಗಿಸಿ ತೆಗೆಸಿದರೂ ಸಾಮಾನ್ಯವಾಗಿ ದೃಷ್ಟಿ ಮರಳುತ್ತದೆ. ರೆಟಿನಾದ ನಾಳ ಕೆಟ್ಟಿದ್ದರೆ ಹಾಗೆ ಕಾಯುವಂತಿಲ್ಲ. ಲೇಸರ್, ಇಂಜೆಕ್ಷನ್‌ಗಳಿಂದ ಮುಂದಿನ ಹಾನಿ ತಡೆಯಬಹುದು, ಕಳೆದದ್ದು ಪೂರ್ತಿ ಬರುವುದು ಕಷ್ಟ. ಸಕ್ಕರೆ ಕಾಯಿಲೆಯವರು ಕಣ್ಣು ಚೆನ್ನಾಗಿ ಕಂಡರೂ ವರ್ಷಕ್ಕೊಮ್ಮೆ ಪಾಪೆಗೆ ಔಷಧ ಹಾಕಿಸಿ ರೆಟಿನಾ ತೋರಿಸಬೇಕು. ಮನೆಯಲ್ಲಿ ಇದನ್ನು ಹೇಳಬಲ್ಲವಳು ಆ ಹುಡುಗಿಯೇ.

ಇದು ಬೆಳಕಿನ ಪಾಠ, ರಕ್ತ ಪರಿಚಲನೆ ಬೇರೆ ಪಾಠ, ಪರೀಕ್ಷೆಯಲ್ಲಿ ಕೇಳುವುದಿಲ್ಲ ಎಂದು ಕೆಲವರು ಹೇಳಿಯಾರು. ಎರಡೂ ಪಾಠ ಒಂದೇ ಪುಸ್ತಕದಲ್ಲಿವೆ. ಜೋಡಿಸುವುದು ನಮ್ಮ ಕೆಲಸ. ಉಪಕರಣವೂ ಬೇಡ. ನೋಟ್‌ಬುಕ್ಕಿನಲ್ಲಿ ಎಡಕ್ಕೊಂದು ಗುಣಾಕಾರ ಚಿಹ್ನೆ, ಎಂಟು ಸೆಂಟಿಮೀಟರ್ ಬಲಕ್ಕೊಂದು ಚುಕ್ಕೆ. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಗುಣಾಕಾರ ಚಿಹ್ನೆಯನ್ನೇ ನೋಡುತ್ತ ಪುಸ್ತಕವನ್ನು ಹತ್ತಿರ ತಂದರೆ ಸುಮಾರು ಒಂದಡಿ ದೂರದಲ್ಲಿ ಚುಕ್ಕೆ ಮಾಯ. ನರ ಹೊರಡುವ, ರಕ್ತನಾಳ ಒಳಬರುವ ಜಾಗ ಅದು.