ಪ್ರೋಗ್ರಾಂ ನಿಲ್ಲಿಸುವ ಅಧಿಕಾರ ಯಾರದು?

ನಾವು ಮೂವರು ಗೆಳೆಯರು ಸೇರಿ ಸಿ ಭಾಷೆಯಲ್ಲಿ ಅಂಕಪಟ್ಟಿಯ ಒಂದು ಪ್ರೋಗ್ರಾಂ ಬರೆದೆವು. ಅಂಕಗಳನ್ನು ಫೈಲಿಗೆ ಬರೆಯುವ ಫಂಕ್ಷನ್ ನನ್ನ ಪಾಲಿಗೆ ಬಂತು. ಫೈಲ್ ತೆರೆದುಕೊಳ್ಳದಿದ್ದರೆ ಏನು ಮಾಡುವುದು? ನಾನು ಹೆಚ್ಚು ಯೋಚಿಸಲಿಲ್ಲ. ಒಂದು ಸಾಲಿನ ಸಂದೇಶ, ಅದರ ಕೆಳಗೆ ಎಕ್ಸಿಟ್. ಕೆಲಸ ಮುಗಿಯಿತು ಅಂದುಕೊಂಡೆ.

ಗೆಳೆಯನೊಬ್ಬ ಲ್ಯಾಬಿನಲ್ಲಿ ಕೂತು 40 ಜನರ ಅಂಕ ಟೈಪ್ ಮಾಡಿ, ಸೇವ್ ಮಾಡಲು ಫೈಲಿನ ಹೆಸರು ಕೊಟ್ಟ. ಫೋಲ್ಡರಿನ ಹೆಸರಿನಲ್ಲಿ ಒಂದಕ್ಷರ ತಪ್ಪಿತ್ತು. ಪ್ರೋಗ್ರಾಂ ಅಲ್ಲೇ ನಿಂತಿತು. ಟೈಪ್ ಮಾಡಿದ್ದೆಲ್ಲ ಹೋಯಿತು. "ಇನ್ನೊಂದು ಸಲ ಹೆಸರು ಕೇಳಿದ್ದರೆ ಸಾಕಿತ್ತಲ್ಲೋ" ಅಂದ. ನನ್ನಲ್ಲಿ ಉತ್ತರವಿರಲಿಲ್ಲ.

ಬೇರೆಯವರು ಕರೆಯಲೆಂದು ಬರೆದ ಫಂಕ್ಷನ್ ದೋಷವನ್ನು ತಿಳಿಸಬೇಕೇ ಹೊರತು ತಾನೇ ಪ್ರೋಗ್ರಾಮನ್ನು ನಿಲ್ಲಿಸಬಾರದು ಎಂಬುದು ಈಗ ನನ್ನ ಅಭಿಪ್ರಾಯ. ಫೈಲ್ ತೆರೆಯಲಿಲ್ಲ ಎಂಬುದಷ್ಟೇ ನನ್ನ ಫಂಕ್ಷನ್ನಿಗೆ ಗೊತ್ತಿತ್ತು. 40 ಜನರ ಅಂಕ ಮೆಮೊರಿಯಲ್ಲಿದೆ, ಅದನ್ನು ಉಳಿಸಬೇಕು ಎಂಬುದು ಅದನ್ನು ಕರೆದ ಮೇನ್ ಫಂಕ್ಷನ್ನಿಗೆ ಗೊತ್ತಿತ್ತು. ತೀರ್ಮಾನವೂ ಅಲ್ಲೇ ಆಗಬೇಕಿತ್ತು.

ಸಿ ಭಾಷೆಯ ಸ್ವಂತ ಲೈಬ್ರರಿ ನಡೆಯುವುದೂ ಹೀಗೆಯೇ. ಫೈಲ್ ತೆರೆಯಲಾಗದಿದ್ದರೆ ಎಫ್‌ಓಪನ್ ನಲ್ ಕೊಡುತ್ತದೆ. ಮೆಮೊರಿ ಸಿಗದಿದ್ದರೆ ಮ್ಯಾಲಾಕ್ ಕೂಡ ನಲ್ ಕೊಡುತ್ತದೆ. ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ಲೈಬ್ರರಿ, ಮೆಮೊರಿ ಸಾಲದಾದರೆ 7 ಎಂಬ ದೋಷಸಂಖ್ಯೆಯನ್ನು ಹಿಂದಿರುಗಿಸುತ್ತದೆ. ಚಿತ್ರಗಳನ್ನು ಓದುವ ಲಿಬ್‌ಜೆಪೆಗ್ ಮಾತ್ರ ಬೇರೆ ದಾರಿ ಹಿಡಿದಿದೆ. ಜೆಪೆಗ್ ಅಲ್ಲದ ಫೈಲ್ ಕೊಟ್ಟರೆ, ನಾವು ಬೇರೇನೂ ಏರ್ಪಾಡು ಮಾಡದಿದ್ದರೆ, ಅದು ಸಂದೇಶ ತೋರಿಸಿ ಎಕ್ಸಿಟ್ ಕರೆದುಬಿಡುತ್ತದೆ. ಆದರೆ ಅದೂ ಆ ಜಾಗದಲ್ಲಿ ನಮ್ಮದೇ ಫಂಕ್ಷನ್ ಇಡಲು ಅವಕಾಶ ಕೊಟ್ಟಿದೆ.

ಇದಕ್ಕೆ ಒಂದು ಆಕ್ಷೇಪವಿದೆ, ಅದು ನಿಜವೂ ಹೌದು. ದೋಷಸಂಖ್ಯೆ ಹಿಂದಿರುಗಿಸಿದರೂ ಕರೆದವರು ನೋಡದೇ ಮುಂದೆ ಹೋಗಬಹುದು. ಆಗ ಪ್ರೋಗ್ರಾಂ ತಪ್ಪು ಲೆಕ್ಕದಲ್ಲೇ ಓಡುತ್ತದೆ. ಆದ್ದರಿಂದ ಹೊಣೆ ಇಬ್ಬರದೂ: ಬರೆದವರು ಹೇಳಬೇಕು, ಕರೆದವರು ಕೇಳಬೇಕು. ಇನ್ನು ಪ್ರೋಗ್ರಾಮಿನ ಒಳಗಿನ ಡೇಟಾವೇ ಕೆಟ್ಟಿದೆ ಎಂದು ಖಚಿತವಾದರೆ ಅಬಾರ್ಟ್ ಮಾಡುವುದೇ ಸರಿ. ಮುಂದುವರಿದರೆ ಚೆನ್ನಾಗಿರುವ ಫೈಲನ್ನೂ ಕೆಡಿಸೀತು. ಆದರೆ ತಪ್ಪು ಹೆಸರು, ತುಂಬಿದ ಡಿಸ್ಕ್, ಕಿತ್ತ ಪೆನ್‌ಡ್ರೈವ್ ಇವೆಲ್ಲ ದಿನನಿತ್ಯದ ಮಾತು. ಇವಕ್ಕೆ ಪ್ರೋಗ್ರಾಂ ಸಾಯಬೇಕಾಗಿಲ್ಲ.

ನನ್ನ ಫಂಕ್ಷನ್ ಈಗ ಕೆಲಸವಾದರೆ 0, ಆಗದಿದ್ದರೆ -1 ಕೊಡುತ್ತದೆ. ಮೇನ್ ಮತ್ತೆ ಹೆಸರು ಕೇಳುತ್ತದೆ. ತಿದ್ದಲು ಬೇಕಾದದ್ದು ಕೆಲವೇ ಸಾಲು.

ಕೊನೆಗೆ ನಮ್ಮ ಉಪನ್ಯಾಸಕರಲ್ಲಿ ಒಂದು ವಿನಂತಿ. ಲ್ಯಾಬ್ ರೆಕಾರ್ಡಿನಲ್ಲಿ ಸರಿಯಾದ ಔಟ್‌ಪುಟ್ ಒಂದನ್ನೇ ಬರೆಯುತ್ತಿದ್ದೇವೆ. ತಪ್ಪು ಇನ್‌ಪುಟ್ ಕೊಟ್ಟಾಗ ಏನಾಯಿತು ಎಂಬುದನ್ನೂ ಬರೆಸಿ, ಅದಕ್ಕೂ ಒಂದೆರಡು ಅಂಕ ಇಡಿ. ಆಗ ನಮ್ಮ ಗೆಳೆಯರು ಟೈಪ್ ಮಾಡಿದ್ದು ಉಳಿಯುತ್ತದೆ.

— ದ್ವಿತೀಯ ಪಿಯುಸಿ ವಿದ್ಯಾರ್ಥಿ, ವಿಜ್ಞಾನ ವಿಭಾಗ